ಇಪ್ಪತ್ತಕ್ಕೆ ಸೊನ್ನೆ

ಈ ಸಂಗತಿಯನ್ನು ಮೊದಲು ಹೇಳಿದವರು ಲೂಪೆ. ಹೋದ ವರ್ಷದ ಆಗಸ್ಟ್ ತಿಂಗಳ ಎರಡನೆಯ ಗುರುವಾರ, ಟೊಂಗಾ ದೇಶದ ವವಾವು ದ್ವೀಪದಲ್ಲಿ, ಫಂಗಾಫೋವು ಊರಿನ ಹೆಂಗಸರು ಮರದ ತೊಗಟೆ ಬಡಿದು ನಾರುಮಡಿ ಮಾಡುವ ತಗಡಿನ ಚಪ್ಪರದ ಕೆಳಗೆ, ಮಧ್ಯಾಹ್ನದ ಮರಗೆಣಸು ತಿಂದು ಕೈತೊಳೆದ ಮೇಲೆ ಹೇಳಿದರು. ಹನ್ನೊಂದು ಮಂದಿ ಕೇಳುತ್ತಿದ್ದರು. ಈ ಕತೆಯಲ್ಲಿ ಸೋತವರು ಲೂಪೆಯೇ. ಆದರೂ ಹೇಳುವ ಹಕ್ಕನ್ನು ಅವರು ಇಂದಿಗೂ ಬೇರೆ ಯಾರಿಗೂ ಬಿಟ್ಟುಕೊಟ್ಟಿಲ್ಲ. ಇಲ್ಲಿ ಬರುವ ಅಂಕಿಗಳನ್ನು ಅಕನೇಸಿಯವರ ನೋಟುಪುಸ್ತಕದೊಂದಿಗೆ ತಾಳೆ ನೋಡಲಾಗಿದೆ. ಒಂದು ಅಂಕಿಯ ಬಗ್ಗೆ ಮಾತ್ರ ತಕರಾರಿದೆ. ಅದು ಕೊನೆಯಲ್ಲಿ ಬರುತ್ತದೆ.

ಬೆಳಗಿನ ಆರು ಗಂಟೆ. ಜಾವದ ಪ್ರಾರ್ಥನೆ ಮುಗಿಸಿ ಬಂದ ಅಕನೇಸಿ ತಮ್ಮ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದಾರೆ. ಎದುರಿನ ಚಾಪೆಯ ತುಂಬ ಅಂಗೈಯಗಲದ ರಟ್ಟುಗಳು. ಗಟ್ಟಿ ಬಿಸ್ಕತ್ತಿನ ಪೆಟ್ಟಿಗೆಗಳನ್ನು ಕತ್ತರಿಸಿ, ಒಂದೊಂದರ ಮೇಲೂ ನಾರುಮಡಿಯ ಚಿಂದಿಯೊಂದನ್ನು ಮರಗೆಣಸಿನ ಅಂಟಿನಿಂದ ಅಂಟಿಸಿದ್ದಾರೆ. ಪ್ರತಿ ಚಿಂದಿಯ ಮೇಲೂ ಕೆಂಗಂದು ಬಣ್ಣದ ಒಂದು ಚಿತ್ತಾರ: ಮೀನಿನ ಬೆನ್ನೆಲುಬು, ಆಮೆಯ ಚಿಪ್ಪು, ಅವಳಿ ಹಕ್ಕಿ, ಸಾಲು ಮರ. ರಾತ್ರಿಯ ತೇವಕ್ಕೆ ಮುದುರಿಕೊಂಡ ರಟ್ಟುಗಳನ್ನು ಅವರು ತೊಡೆಯ ಮೇಲಿಟ್ಟು ಒತ್ತಿ ನೇರ ಮಾಡುತ್ತಾರೆ. ಎರಡೆರಡನ್ನು ಸೇರಿಸಿ ಬಾಳೆನಾರಿನಿಂದ ಕಟ್ಟುತ್ತಾರೆ. ಒಟ್ಟು ಅರವತ್ತಮೂರು ಜೋಡಿ. ಎಲ್ಲವೂ ಕೇದಗೆ ಎಲೆಯ ಚೀಲದೊಳಕ್ಕೆ ಇಳಿಯುತ್ತವೆ. ಒಂದು ರಟ್ಟು ಮಾತ್ರ ಒಗೆದ ಬಿಳಿ ಬಟ್ಟೆಯ ಸುತ್ತಿನಲ್ಲಿದೆ. ಅದನ್ನು ಅವರು ಚಾಪೆಯ ಮೇಲೆ ಇಡುವುದಿಲ್ಲ. ಎರಡೂ ಕೈಯಿಂದ ಎತ್ತಿ, ಎಲ್ಲಕ್ಕಿಂತ ಮೇಲೆ ಮಲಗಿಸಿ, ಚೀಲದ ಬಾಯಿ ಕಟ್ಟುತ್ತಾರೆ.

ಆಮೇಲೆ ಬಾಗಿಲ ಹಿಂದಿನ ಕೋಲು ಕೈಗೆ ಬರುತ್ತದೆ. ಅದು ನಾಯಿಗಳಿಗಾಗಿ.

"ಮನುಷ್ಯರಿಗೆ ಮಾತು ಹೋಗುತ್ತೆ. ಈ ನಾಯಿಗಳಲ್ಲಿ ಒಂದಕ್ಕೂ ಹೋಗಲ್ಲ ನೋಡಿ," ಎನ್ನುತ್ತಾರೆ ಅಕನೇಸಿ, ಗೇಟು ದಾಟುತ್ತಾ.

ಐವತ್ತೊಂಬತ್ತು ವರ್ಷದ ಅಕನೇಸಿ ದ್ವೀಪದ ಚಿಕ್ಕ ಆಸ್ಪತ್ರೆಯೊಂದರಲ್ಲಿ ನೌಕರಿ ಮಾಡುತ್ತಾರೆ. ಕಾಗದದಲ್ಲಿ ಅವರ ಹುದ್ದೆಗೆ 'ಸಹಾಯಕಿ' ಎಂದಷ್ಟೇ ಹೆಸರಿದೆ. ಯಾರ ಸಹಾಯಕಿ, ಯಾವುದಕ್ಕೆ ಸಹಾಯಕಿ ಎಂಬುದನ್ನು ಯಾರೂ ಬರೆದಿಲ್ಲ. ಲಕ್ವ ಹೊಡೆದ ಮೇಲೆ ಮಾತು ಕಳೆದುಕೊಂಡವರ, ಕೇಳಿದ ಮಾತು ಕೈಗೆ ಸಿಗದೆ ಜಾರುವವರ ಮನೆಗಳಿಗೆ ಹೋಗಿ ಕೂರುವುದು ಅವರ ಕೆಲಸ. ವೈದ್ಯರು ಅದನ್ನು ಅಫೇಸಿಯಾ ಎನ್ನುತ್ತಾರೆ. ಅಕನೇಸಿ "ಬಾಯಿ ಬೀಗ" ಎನ್ನುತ್ತಾರೆ. ನಾಲ್ಕು ಊರು, ಹದಿನಾಲ್ಕು ಮನೆ. ದಿನಕ್ಕೆ ಐದು ಮನೆ, ಮನೆಗೆ ಮೂರು ಜೋಡಿ, ಜೋಡಿಗೆ ಇಪ್ಪತ್ತರಂತೆ ಅರವತ್ತು ಸರದಿ. ಅಂದರೆ ದಿನಕ್ಕೆ ಮುನ್ನೂರು ಸಲ ಎರಡು ರಟ್ಟುಗಳನ್ನು ಹೂಡಿ ಮುನ್ನೂರು ಸಲ ತೆಗೆಯುವುದು. ಮೊಣಕಾಲು ಮಡಿಸಿ ಕುಳಿತರೆ ಏಳಲು ಯಾರಾದರೂ ಕೈ ಕೊಡಬೇಕು. ಮಳೆಗಾಲದಲ್ಲಿ ಅಂಟು ಬಿಡುತ್ತದೆ. ಒಮ್ಮೆ ಯಾರದೋ ಹಂದಿ ಆಮೆಯ ಚಿಪ್ಪಿನ ಜೋಡಿಯನ್ನೇ ತಿಂದುಹಾಕಿತ್ತು. "ಅಂಟು ರುಚಿಯಾಗಿತ್ತು ಅಂತ ಕಾಣುತ್ತೆ. ಆಮೇಲೆ ಕಹಿ ಎಲೆ ಹಾಕಿ ಕುದಿಸೋಕೆ ಶುರು ಮಾಡಿದೆ."

ಮೊದಲ ಮನೆ ಸೆಮಿಸಿಯವರದು. ಅರವತ್ತಾರು ವರ್ಷದ ಈ ಮೀನುಗಾರರಿಗೆ ಉಳಿದಿರುವ ಮಾತು ಒಂದೇ, ಅವರ ದೋಣಿಯ ಹೆಸರು: ಫೆತೂವು. ನೀರು ಬೇಕಾದರೂ ಫೆತೂವು, ನೋವಾದರೂ ಫೆತೂವು, ಹೆಂಡತಿಯನ್ನು ಕರೆಯುವುದೂ ಫೆತೂವು ಎಂದೇ.

"ನಲವತ್ತು ವರ್ಷ ಆ ದೋಣಿ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು," ಎನ್ನುತ್ತಾರೆ ಆ ಹೆಂಡತಿ, ಚಾಪೆ ಹಾಸುತ್ತಾ. "ಈಗ ನಾನೇ ದೋಣಿ ಆಗಿಬಿಟ್ಟೆ."

ಅಕನೇಸಿ ಎರಡು ರಟ್ಟುಗಳನ್ನು ಪಕ್ಕಪಕ್ಕ ಇಡುತ್ತಾರೆ. ಎರಡೂ ಮೀನಿನ ಬೆನ್ನೆಲುಬೇ. ಒಂದರಲ್ಲಿ ಮುಳ್ಳುಗಳು ಬಾಲದ ಕಡೆಗೆ ಬಾಗಿವೆ, ಇನ್ನೊಂದರಲ್ಲಿ ತಲೆಯ ಕಡೆಗೆ. ಒಂದರ ಅಡಿಯಲ್ಲಿ ತುಯಿತುಯಿ ಬೀಜವೊಂದು ಅಡಗಿದೆ, ಹೆಂಗಸರು ಸುಟ್ಟು ಕಪ್ಪು ಮಸಿ ಮಾಡುವ ಅದೇ ಗುಂಡು ಬೀಜ. ಯಾವುದು ಸರಿ ಎಂದು ಅವರು ಹೇಳುವುದಿಲ್ಲ. ಸೆಮಿಸಿ ಒಂದನ್ನು ಮಗುಚುತ್ತಾರೆ. ಬೀಜ ಸಿಕ್ಕರೆ ಅದು ಅವರ ಬುಟ್ಟಿಗೆ. ಸಿಗದಿದ್ದರೆ ಏನೂ ಇಲ್ಲ. ಮತ್ತೆ ಹೂಡುವಾಗ ಎಡದ್ದು ಬಲಕ್ಕೆ ಬರಬಹುದು, ಬಾರದೆಯೂ ಇರಬಹುದು. ಬೀಜ ಮಾತ್ರ ಯಾವಾಗಲೂ ಅದೇ ಚಿತ್ತಾರದ ಕೆಳಗೆ. ಸತತ ಹತ್ತು ಸಲ ಬೀಜ ಸಿಕ್ಕಿತೆಂದರೆ ಆ ಜೋಡಿ ಕಲಿತಂತೆ; ಮರುದಿನ ಇನ್ನೂ ಸೂಕ್ಷ್ಮವಾದ ಜೋಡಿ ಬರುತ್ತದೆ. ಭೇಷ್ ಎನ್ನುವುದಿಲ್ಲ, ಅಯ್ಯೋ ಎನ್ನುವುದಿಲ್ಲ. ಮಾತು ಜಾರುವವರ ಮುಂದೆ ಮಾತು ಸುರಿದರೆ ಅವರು ಮಾತಿನ ಹಿಂದೆ ಓಡುತ್ತಾರೆ, ಕಣ್ಣು ಹಿಂದೆ ಬೀಳುತ್ತದೆ ಎಂಬುದು ಅಕನೇಸಿಯವರ ಅನುಭವ.

"ಬಾಯಿಗೆ ಬೀಗ ಬಿದ್ದಿದೆ ಅಂತ ಮನೆಗೇ ಬೀಗ ಹಾಕಬಾರದು. ಕಿಟಕಿ ಇರುತ್ತೆ. ಅದು ತೆರೆದಿದೆ ಅಂತ ಅವರಿಗೇ ಗೊತ್ತಿರಲ್ಲ. ಸ್ವಂತ ಕಣ್ಣಿನ ಮೇಲೆ ನಂಬಿಕೆ ಬರಬೇಕು, ಅಷ್ಟೇ ಈ ಆಟ."

ಆಟದ ಫಲ ಸೆಮಿಸಿಯವರ ಗೂಡಿನಲ್ಲಿದೆ: ರಕ್ತದೊತ್ತಡದ ಮಾತ್ರೆಯ ಡಬ್ಬಿ, ರಕ್ತ ತೆಳುಮಾಡುವ ಮಾತ್ರೆಯ ಡಬ್ಬಿ. ಎರಡೂ ಬಿಳಿ, ಎರಡೂ ಒಂದೇ ಎತ್ತರ. ಮೇಲೆ ಅಂಟಿಸಿದ ಚೀಟಿಯ ಮೂಲೆಯಲ್ಲಿ ಮಾತ್ರ ವ್ಯತ್ಯಾಸ. ಎರಡು ವರ್ಷದಿಂದ ಅವರು ತಮ್ಮ ಮಾತ್ರೆಯನ್ನು ತಾವೇ ತೆಗೆದುಕೊಳ್ಳುತ್ತಿದ್ದಾರೆ, ಒಮ್ಮೆಯೂ ತಪ್ಪದೆ.

ಅಕನೇಸಿ ಈ ಕೆಲಸಕ್ಕೆ ಓದಿ ಬಂದವರಲ್ಲ. ಅವರು ನೀವಾತೊಪುತಾಪು ದ್ವೀಪದಿಂದ ವವಾವಿಗೆ ಮದುವೆಯಾಗಿ ಬಂದವರು. ಹತ್ತೊಂಬತ್ತು ವರ್ಷ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದರು. ಗಂಡನಿಗೆ ಲಕ್ವ ಹೊಡೆದು ಮಾತು ನಿಂತಾಗ ಅವರಿಗೆ ಉಳಿದದ್ದು ಒಂದು ಪದ: ಇಯೋ. ಹೌದು ಎಂದರ್ಥ. ಹಸಿವಾಗಿದೆಯೇ ಎಂದರೆ ಇಯೋ, ಹೊಟ್ಟೆ ತುಂಬಿದೆಯೇ ಎಂದರೆ ಇಯೋ. ಇಲ್ಲ ಎನ್ನುವುದೇ ಅಸಭ್ಯವೆನಿಸುವ ಊರುಗಳಲ್ಲಿ ಆ ಒಂದು ಪದದಿಂದ ಅವರು ನಾಲ್ಕು ವರ್ಷ ಬದುಕಿದರು. ಬಂದವರೆಲ್ಲ, ಪಾಪ ಎಷ್ಟು ಚೆನ್ನಾಗಿ ಮಾತಾಡುತ್ತಾರೆ ಎಂದು ಹೊಗಳಿ ಹೋದರು. ಅವರಿಗೆ ಏನು ಬೇಕಿತ್ತು ಎಂಬುದು ಅಕನೇಸಿಗೆ ಕೊನೆಯವರೆಗೂ ಖಚಿತವಾಗಲಿಲ್ಲ.

ಅವರು ತೀರಿಕೊಂಡ ಮರುವರ್ಷ ಆಕ್ಲೆಂಡಿನಿಂದ ತರಬೇತಿ ಕೊಡಲು ಬಂದ ದಾದಿಯೊಬ್ಬರು ಮೂರು ವಾರವಿದ್ದು ಈ ಎರಡು ರಟ್ಟಿನ ಕ್ರಮವನ್ನು ಕಲಿಸಿ, ರೈಲು, ಹಿಮದ ಬೊಂಬೆ, ಟೀ ಕೆಟಲುಗಳ ಚಿತ್ರಗಳನ್ನು ಬಿಟ್ಟು ಹೋದರು. ಜಗಲಿಯಲ್ಲಿ ಕುಳಿತವರು ಆ ಚಿತ್ರಗಳನ್ನು ಮರ್ಯಾದೆಯಿಂದ ನೋಡಿ ನಿದ್ದೆ ಹೋದರು. ಆಗ ಅಕನೇಸಿಗೆ ಹೊಳೆದದ್ದು ನಾರುಮಡಿ. ಹುಟ್ಟಿದಾಗ ಹಾಸಿದ್ದು, ಮದುವೆಯಲ್ಲಿ ಸುತ್ತಿದ್ದು, ಸತ್ತಾಗ ಕೆಳಗೆ ಹರಡುವುದು. ಅದರ ಚಿತ್ತಾರವನ್ನು ನೋಡದೆ ಬೆಳೆದ ಕಣ್ಣು ಈ ದ್ವೀಪದಲ್ಲಿಲ್ಲ. ತೆಂಗಿನ ಕಡ್ಡಿಗಳನ್ನು ಕೇದಗೆ ಎಲೆಯ ಮೇಲೆ ಹೊಲಿದು ಮಾಡಿದ ಅಚ್ಚುಗಳು ಪ್ರತಿ ಊರಿನ ಹೆಂಗಸರ ಸಂಘದ ಪೆಟ್ಟಿಗೆಯಲ್ಲೂ ಇರುತ್ತವೆ. ಅಚ್ಚಿನ ಮೇಲೆ ಚಿಂದಿ ಹಾಸಿ ಬಣ್ಣ ಉಜ್ಜಿದರೆ ಚಿತ್ತಾರ ಏಳುತ್ತದೆ. ಹೀಗೆ ಚೀಲ ತುಂಬಿತು. ಆ ದಾದಿ ಕಲಿಸಿದ ಇನ್ನೊಂದು ಸಂಗತಿಯನ್ನು ಅಕನೇಸಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಂಡಿದ್ದರು: ಏನೂ ಗೊತ್ತಿಲ್ಲದೆ ಮಗುಚಿದರೂ ಇಪ್ಪತ್ತರಲ್ಲಿ ಹತ್ತು ಸಲ ಬೀಜ ಸಿಗುತ್ತದೆ, ಹತ್ತು ಬಂದರೆ ಹಿಗ್ಗಬೇಡ. ಆ ಮಾತಿನ ಇನ್ನೊಂದು ಮಗ್ಗುಲನ್ನು ಅವರಿಗೆ ಕಲಿಸಿದವರು ಫುಸಿಪಾಲ.

ಎಪ್ಪತ್ತೊಂದು ವರ್ಷದ ಫುಸಿಪಾಲ, ಲೂಪೆಯವರ ಹಿರಿಯ ವಾರಗಿತ್ತಿ. ಫಂಗಾಫೋವಿನಲ್ಲಿ ನಾರುಮಡಿಗೆ ಬಣ್ಣ ಉಜ್ಜುವ ಉದ್ದ ಹಲಗೆಯ ತಲೆಯಲ್ಲಿ ಇಪ್ಪತ್ತಾರು ವರ್ಷ ಕುಳಿತವರು. ಆ ಜಾಗ ಸುಮ್ಮನೆ ಸಿಗುವುದಲ್ಲ. ಹಲಗೆಯ ಮೇಲೆ ಅಚ್ಚುಗಳನ್ನು ಜೋಡಿಸುವುದು ಅಲ್ಲಿ ಕೂರುವವಳ ಕೈ. ಉಳಿದವರು ಎರಡು ಬದಿಗೆ ಕುಳಿತು, ಅಚ್ಚಿನ ಮೇಲೆ ಬಟ್ಟೆ ಎಳೆದು ಬಣ್ಣ ಉಜ್ಜುತ್ತಾ ಹೋಗುತ್ತಾರೆ. ಒಂದು ಸಲಕ್ಕೆ ಉಜ್ಜುವ ಪಟ್ಟೆಗೆ ಅಂಕಣ ಎನ್ನುತ್ತಾರೆ; ಒಂದು ಅಂಕಣದಲ್ಲಿ ಅಚ್ಚು ತಪ್ಪಿದರೆ ತಪ್ಪಿತು, ತೊಳೆಯಲು ಬರುವುದಿಲ್ಲ. ನಾಳೆ ಆ ಬಟ್ಟೆ ಸಾವಿರ ಜನರ ಮುಂದೆ ಹರಡಿಕೊಳ್ಳುತ್ತದೆ. ಫುಸಿಪಾಲರ ಕೈ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ನವೆಂಬರಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸೋತಿತು. ಮಾತಿನಲ್ಲಿ ಉಳಿದದ್ದು ಇಯೋ, ಮತ್ತು ಒಂದು ಕೀರ್ತನೆಯ ಮೊದಲ ಸಾಲಿನ ರಾಗ. ಜನವರಿಯಿಂದ ಅಕನೇಸಿ ವಾರಕ್ಕೆ ಮೂರು ದಿನ ಅವರ ಮನೆಗೆ ಹೋದರು. ಮಗಳು ಹೈಲಾಲ ಶಾಲೆಯಲ್ಲಿ ಶಿಕ್ಷಕಿ. ಪಕ್ಕದಲ್ಲಿ ಕುಳಿತು, ಅಮ್ಮನ ಕೈ ತಪ್ಪು ರಟ್ಟಿನ ಕಡೆ ಹೋದಾಗಲೆಲ್ಲ ಕೆಮ್ಮುತ್ತಿದ್ದಳು.

"ಕೆಮ್ಮಾ ಮಗಳೇ?" ಎಂದರು ಅಕನೇಸಿ.

"ಸ್ವಲ್ಪ ಗಂಟಲು ಕೆರೆತ, ಚಿಕ್ಕಮ್ಮ."

"ಹೊರಗೆ ಹೋಗಿ ಎರಡು ತೆಂಗಿನಕಾಯಿ ತುರಿ. ವಾಸಿಯಾಗುತ್ತೆ."

ಕೆಮ್ಮಿನ ಸುಳಿವಿಲ್ಲದೆಯೂ ಫುಸಿಪಾಲರ ಕಲಿಕೆ ಓಡಿತು. ಬೇರೆಯವರಿಗೆ ವರ್ಷ ಹಿಡಿಯುವ ನಲವತ್ತು ಜೋಡಿಗಳನ್ನು ಮೂರು ತಿಂಗಳಲ್ಲಿ ಮುಗಿಸಿದರು. ಏಪ್ರಿಲ್ ಬಂತು. ಜೂನ್ ತಿಂಗಳಲ್ಲಿ ಊರಿನ ದೊರೆಮನೆಯ ಹುಡುಗಿಯ ಮದುವೆ. ಫಂಗಾಫೋವಿನ ಹೆಂಗಸರು ಐವತ್ತು ಅಂಕಣದ ನಾರುಮಡಿ ಕೊಡಬೇಕು. ಅಂಕಣಗಳಲ್ಲೆಲ್ಲ ಅವಳಿ ಹಕ್ಕಿ. ಪ್ರತಿ ಐದನೆಯದರಲ್ಲಿ ಮಾತ್ರ ದೊರೆಮನೆಯ ಹಕ್ಕಿ. ಎರಡರ ರೆಕ್ಕೆ, ಕೊಕ್ಕು, ಬಾಲ ಎಲ್ಲ ಒಂದೇ. ರೆಕ್ಕೆಗಳು ಕೂಡುವಲ್ಲಿ ಎಳ್ಳಿನ ಗಾತ್ರದ ಒಂದು ಚೌಕ ಇದ್ದರೆ ಅದು ದೊರೆಮನೆಯದು. ಹಲಗೆಯ ತಲೆಗೆ ಫುಸಿಪಾಲ ಮರಳುತ್ತಾರೋ ಇಲ್ಲವೋ ಎಂಬುದು ಆ ಎಳ್ಳುಕಾಳಿನ ಮೇಲೆ ನಿಂತಿತು. ಸಂಘದವರು ಅಕನೇಸಿಯನ್ನೇ ಕೇಳಿದರು: ನೀನು ನೋಡಿ ಹೇಳು.

ಅಕನೇಸಿ ಸಂಘದ ಪೆಟ್ಟಿಗೆಯಿಂದ ಎರಡೂ ಅಚ್ಚು ತಂದು ಹೊಸ ಜೋಡಿಯನ್ನು ಉಜ್ಜಿಕೊಂಡರು. ನಲವತ್ತೊಂದನೆಯ ಜೋಡಿ. ಬೀಜವನ್ನು ದೊರೆಮನೆಯ ಹಕ್ಕಿಯ ಕೆಳಗೆ ಅಡಗಿಸಿದರು. ಐವತ್ತರಲ್ಲಿ ಹುಡುಕಬೇಕಾದದ್ದು ಅದನ್ನೇ ಅಲ್ಲವೇ.

ಮೊದಲ ದಿನ ಇಪ್ಪತ್ತಕ್ಕೆ ಸೊನ್ನೆ. ಫುಸಿಪಾಲ ಪ್ರತಿ ಸಲವೂ ಎರಡನ್ನೂ ನೋಡುತ್ತಿದ್ದರು, ಎಡಗೈಯನ್ನು ಒಮ್ಮೆ ತೊಡೆಯ ಮೇಲಿಟ್ಟು ತಲೆ ತಗ್ಗಿಸುತ್ತಿದ್ದರು, ಆಮೇಲೆ ಸಾಮಾನ್ಯ ಹಕ್ಕಿಯ ರಟ್ಟನ್ನೇ ಮಗುಚುತ್ತಿದ್ದರು. ಕೆಳಗೆ ಏನೂ ಇರುತ್ತಿರಲಿಲ್ಲ. ದಣಿವು ಇರಬೇಕು ಎಂದುಕೊಂಡರು ಅಕನೇಸಿ. ಎರಡನೆಯ ದಿನ ಸೊನ್ನೆ. ಮೂರನೆಯ ದಿನವೂ ಸೊನ್ನೆ. ಅಂದು ಫುಸಿಪಾಲ ಕೊನೆಯಲ್ಲಿ ಅಕನೇಸಿಯ ಮುಖವನ್ನು ಬಹಳ ಹೊತ್ತು ನೋಡಿದರು. ಸಿಟ್ಟಿನ ನೋಟ ಅದು. ಸೋತ ಸಿಟ್ಟು ಎಂದು ಅಕನೇಸಿ ಅದಕ್ಕೂ ಹೆಸರಿಟ್ಟರು.

ಸೋಮವಾರ ಚಪ್ಪರದಲ್ಲಿ ಎಲ್ಲರೂ ಸೇರಿದರು. ಫುಸಿಪಾಲ ಮಗಳ ಪಕ್ಕದಲ್ಲಿ ಕುಳಿತಿದ್ದರು.

"ಹೇಳು ಅಕನೇಸಿ, ಅಕ್ಕನ ಕಣ್ಣು ಹೇಗಿದೆ?" ಎಂದು ಲೂಪೆ ಕೇಳಿದರು.

"ಬೇರೆ ಎಲ್ಲ ಗುರುತು ಹಿಡೀತಾರೆ. ಈ ಎರಡು ಹಕ್ಕಿ ಮಾತ್ರ ಆಗ್ತಾ ಇಲ್ಲ."

"ಇಪ್ಪತ್ತಕ್ಕೆ ಎಷ್ಟು?"

"ಸೊನ್ನೆ. ಮೂರು ದಿನವೂ."

ಲೂಪೆ ಬಣ್ಣದ ಕುಂಚವನ್ನು ಆಚೆ ಈಚೆ ಸರಿಸಿದರು. "ಹಾಗಾದ್ರೆ ಈ ಸಲ ನಾನು ಕೂರ್ತೀನಿ. ಆಸೆಗೆ ಅಂತ ಅಲ್ಲ."

"ನಿನ್ನ ಆಸೆ ನಮಗೆ ಗೊತ್ತಿಲ್ವೇನೇ," ಎಂದರು ಯಾರೋ ಹಿಂದಿನಿಂದ. ಒಂದಿಬ್ಬರು ನಕ್ಕರು, ನಗು ಬೆಳೆಯಲಿಲ್ಲ.

ಹೈಲಾಲ ಅಮ್ಮನ ಕಿವಿಯ ಹತ್ತಿರ ಬಾಗಿ, ನೆರಳಲ್ಲಿ ಕೂತು ಬೀಸಣಿಗೆ ಬೀಸುವ ಕೆಲಸ ಸಾಕಲ್ಲವೇ ಎಂದು ಕೇಳಿದಳು. ಫುಸಿಪಾಲ "ಇಯೋ" ಎಂದರು. ತಮ್ಮ ಚಾಪೆಯನ್ನು ಎಡಗೈಯಲ್ಲಿ ತಾವೇ ಎಳೆದುಕೊಂಡು ಮಾವಿನ ಮರದ ಕೆಳಗೆ ಹೋದರು. ಆ ಪದವನ್ನು ಗಂಡನ ಬಾಯಲ್ಲಿ ನಾಲ್ಕು ವರ್ಷ ಕೇಳಿದ್ದ ಅಕನೇಸಿಗೆ ಅಂದು ಊಟ ಸೇರಲಿಲ್ಲ.

ಆ ಶನಿವಾರ ತಿಂಗಳ ಕೊನೆ. ಆಸ್ಪತ್ರೆಗೆ ಎಲ್ಲ ಮನೆಗಳ ಸರದಿಯ ಪಟ್ಟಿ ಕೊಡಬೇಕು. ಬೆಳಕು ಹರಿಯುವ ಹೊತ್ತಿಗೆ ಅಕನೇಸಿ ಒಲೆಯ ಮುಂದೆ ಕುಳಿತು ಒಬ್ಬೊಬ್ಬರದನ್ನೇ ಕೂಡುತ್ತಾ ಹೋದರು. ಹೊಸ ಜೋಡಿ ಬಂದಾಗ ಎಲ್ಲರೂ ಮೊದಲು ಒಂಬತ್ತು, ಹನ್ನೊಂದು, ಹತ್ತು ಎಂದೇ ತೂಗಾಡಿದ್ದರು. ಸೆಮಿಸಿಯವರದು ಎಂಟಕ್ಕಿಂತ ಕೆಳಗಿಳಿದಿರಲಿಲ್ಲ. ಫುಸಿಪಾಲರ ಸಾಲಿನಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ಅರವತ್ತು ಸರದಿಯಲ್ಲಿ ಒಮ್ಮೆಯೂ, ಕೈತಪ್ಪಿಯೂ, ಬೀಜ ಸಿಕ್ಕಿಲ್ಲ.

ಲೇಖನಿ ನಿಂತಿತು. ಕಣ್ಣು ಮುಚ್ಚಿಕೊಂಡು ಆಡಿದ್ದರೂ ಮೂವತ್ತು ಸಿಗಬೇಕು. ಅರವತ್ತು ಸಲ ತಪ್ಪದೆ ತಪ್ಪಬೇಕಾದರೆ, ಅರವತ್ತು ಸಲವೂ ಯಾವುದು ಯಾವುದೆಂದು ಗೊತ್ತಿರಬೇಕು.

ಹಾಗಾದರೆ ಗೊತ್ತಿದ್ದೂ ಯಾಕೆ ಮುಟ್ಟಲಿಲ್ಲ? ಅಕನೇಸಿ ದೊರೆಮನೆಯ ಹಕ್ಕಿಯ ರಟ್ಟನ್ನು ತೆಗೆದು ಚಾಪೆಯ ಮೇಲಿಟ್ಟು, ಫುಸಿಪಾಲ ಮಾಡಬೇಕಿದ್ದಂತೆಯೇ ಎಡಗೈಯಿಂದ ಮಗುಚಿದರು. ರಟ್ಟು ತಿರುಗಿತು. ದೊರೆಮನೆಯ ಹಕ್ಕಿ ಮುಖ ಕೆಳಗೆ ಮಾಡಿ, ಎಲ್ಲರೂ ತುಳಿದ ನೆಲದ ಚಾಪೆಯ ಮೇಲೆ ಬಿದ್ದುಕೊಂಡಿತು.

ನೀವಾತೊಪುತಾಪುವಿನ ತಮ್ಮ ದೊರೆಯ ಚಿತ್ತಾರವಾಗಿದ್ದರೆ ಮಗುಚುವ ಮೊದಲೇ ಕೈ ತಡೆಯುತ್ತಿತ್ತು. ಇದು ಬೇರೆ ದೊರೆಯದು. ಮೂವತ್ತೈದು ವರ್ಷ ಈ ನೆಲದಲ್ಲಿ ಬಾಳಿದ್ದರೂ ಅದು ತಲೆಗೆ ಮಾತ್ರ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಅವರ ಕೈಗೆ ಅದು ಬಿಸ್ಕತ್ತು ಪೆಟ್ಟಿಗೆಯ ತುಂಡು. ಫುಸಿಪಾಲರ ಕೈಗೆ ಅಲ್ಲ. ಪ್ರತಿ ಸಲ ತಲೆ ತಗ್ಗಿಸಿ, ಮುಟ್ಟಬಾರದ್ದನ್ನು ಮುಟ್ಟದೆ, ಬೀಜ ಸಿಗದು ಎಂದು ತಿಳಿದೇ ಇನ್ನೊಂದನ್ನು ಮಗುಚಿದ್ದರು. ಬೇಡ ಎಂದು ಹೇಳಲು ಅವರಲ್ಲಿ ಪದವಿರಲಿಲ್ಲ. ಅಕನೇಸಿ ಅದನ್ನು ಸೊನ್ನೆ ಎಂದು ಬರೆದುಕೊಂಡಿದ್ದರು.

ಲೂಪೆಯವರ ಅಡುಗೆಮನೆಗೆ ಅವರು ತಲುಪಿದಾಗ ಲೂಪೆ ಕೆಸುವಿನ ಎಲೆಯಲ್ಲಿ ಮಾಂಸ ಸುತ್ತುತ್ತಿದ್ದರು. ಭಾನುವಾರದ ಒಲೆಗೆ ಸಿದ್ಧತೆ.

"ಲೂಪೆಯಕ್ಕ, ನಾನು ತಪ್ಪು ಹೇಳಿಬಿಟ್ಟೆ."

"ಕೂತ್ಕೊಂಡು ಹೇಳು. ಓಡಿ ಬಂದವರ ಮಾತು ನನಗೆ ಅರ್ಥ ಆಗಲ್ಲ."

ಅಕನೇಸಿ ಕೂತು ಹೇಳಿದರು. ಲೂಪೆ ಕೈ ನಿಲ್ಲಿಸದೆ ಕೇಳಿದರು. ಐದು ಪೊಟ್ಟಣ ಕಟ್ಟಿದ ಮೇಲೆ ತಲೆ ಎತ್ತಿದರು.

"ಅಂದ್ರೆ ತಪ್ಪು ನಿಂದು. ಜಾಗ ಹೋಗೋದು ನಂದು."

"ಹೌದು."

"ಅದನ್ನ ಇಷ್ಟು ಸಲೀಸಾಗಿ ಹೇಳ್ತೀಯಲ್ಲ. ಐದು ದಿನ ಆಯ್ತು ನಾನು ಅಲ್ಲಿ ಕೂತು, ಬಟ್ಟೆ, ಬಣ್ಣ ಸಿದ್ಧ ಮಾಡಿದ್ದಷ್ಟೇ, ಅಚ್ಚು ಇನ್ನೂ ಇಟ್ಟಿಲ್ಲ. ಆದ್ರೂ ಹುಟ್ಟಿದಾಗಿನಿಂದ ಅಲ್ಲೇ ಕೂತಿದ್ದ ಹಾಗೆ ಬೆನ್ನು ಒಗ್ಗಿಬಿಟ್ಟಿದೆ." ಆರನೆಯ ಎಲೆ ಕೈಗೆತ್ತಿಕೊಂಡರು. "ಅಕ್ಕನಿಗೆ ಗೊತ್ತು ಅಂತ ನೀನು ಅಂದ್ಕೊಂಡ್ರೆ ಸಾಲದು. ಎಲ್ಲರ ಎದುರಿಗೆ ತೋರಿಸು. ಆಮೇಲೆ ಏಳ್ತೀನಿ. ಇದನ್ನ ತಗೊಂಡು ಹೋಗಿ ಬೇಯಿಸ್ಕೋ, ಬೆಳಗ್ಗಿಂದ ಏನೂ ತಿಂದಿಲ್ಲ ನೀನು, ಮುಖ ನೋಡಿದ್ರೆ ಗೊತ್ತಾಗುತ್ತೆ."

ಸೋಮವಾರ ಚಪ್ಪರದಲ್ಲಿ ಅಕನೇಸಿ ಮೊದಲು ಫುಸಿಪಾಲರ ಮುಂದೆ ಕುಳಿತು, ದೊರೆಮನೆಯ ಹಕ್ಕಿಯನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ತಗ್ಗಿಸಿದರು. ಒಗೆದ ಬಿಳಿ ಬಟ್ಟೆ ಹಾಸಿ, ಮರದ ದಿಮ್ಮಿಗೆ ಒರಗಿಸಿ, ಎರಡು ರಟ್ಟುಗಳನ್ನೂ ಮುಖ ಮುಂದೆ ಮಾಡಿ ನಿಲ್ಲಿಸಿದರು. ಒಂದೊಂದರ ಮುಂದೆಯೂ ಒಂದೊಂದು ತೆಂಗಿನ ಚಿಪ್ಪನ್ನು ಕವುಚಿದರು. ಬೀಜ ಈಗ ಚಿಪ್ಪಿನ ಕೆಳಗೆ. ಎತ್ತಬೇಕಾದದ್ದು ಚಿಪ್ಪನ್ನು ಮಾತ್ರ.

ಫುಸಿಪಾಲ ಬಟ್ಟೆಯನ್ನು ನೋಡಿದರು, ದಿಮ್ಮಿಯನ್ನು ನೋಡಿದರು. ಎಡಗೈ ಮುಂದೆ ಬಂದು ದೊರೆಮನೆಯ ಹಕ್ಕಿಯ ಚಿಪ್ಪನ್ನು ಎತ್ತಿತು. ಬೀಜ.

ಲೂಪೆ ಗಟ್ಟಿಯಾಗಿ ಎಣಿಸಿದರು. ಐದಕ್ಕೆ ಐದು. ಹತ್ತಕ್ಕೆ ಹತ್ತು. ಹನ್ನೆರಡರ ಹೊತ್ತಿಗೆ ಫುಸಿಪಾಲ ಆ ಕೀರ್ತನೆಯ ರಾಗವನ್ನು ಗುನುಗಲು ಶುರುಮಾಡಿದ್ದರು. ಇಪ್ಪತ್ತಕ್ಕೆ ಇಪ್ಪತ್ತು. ಹೈಲಾಲ ಒಮ್ಮೆಯೂ ಕೆಮ್ಮಲಿಲ್ಲ. ಬಾಯಿಗೆ ಬಟ್ಟೆ ಒತ್ತಿಕೊಂಡು ಕುಳಿತಿದ್ದಳು.

"ಈಗ ನನಗೂ ಆಡಿಸು," ಎಂದರು ಲೂಪೆ. "ಐದು ದಿನ ಕೂತವಳ ಕಣ್ಣೂ ಗೊತ್ತಾಗಲಿ."

ಲೂಪೆಯವರ ಕೈ ಬೇಗ. ಬಾಯಿ ಇನ್ನೂ ಬೇಗ. ಹೆಂಗಸರ ಕೀಟಲೆಗೆ ಉತ್ತರ ಕೊಡುತ್ತಾ, ಮದುವೆಗೆ ಯಾವ ಹಂದಿ ಕಡಿಯಬೇಕೆಂದು ವಾದಿಸುತ್ತಾ ಅವರು ಇಪ್ಪತ್ತು ಸರದಿ ಮುಗಿಸಿದರು. ಅಲ್ಲಲ್ಲಿ ಖಾಲಿ ಚಿಪ್ಪೂ ಎದ್ದಿತು. ಆಟ ಮುಗಿದಾಗ ಅವರು ಸ್ವಲ್ಪ ಹೊತ್ತು ಬೆರಳು ಮಡಚಿ ಲೆಕ್ಕ ಹಾಕಿ, ಎದ್ದು, ಹಲಗೆಯ ತಲೆಯಲ್ಲಿದ್ದ ತಮ್ಮ ಚಾಪೆಯನ್ನು ಸುತ್ತಿಕೊಂಡರು.

"ಇಪ್ಪತ್ತಕ್ಕೆ ಇಷ್ಟು ತಪ್ಪಿದ್ರೆ ಐವತ್ತು ಅಂಕಣಕ್ಕೆ ಎಷ್ಟು ಅಂತ ನೀವೇ ಹಾಕ್ಕೊಳ್ಳಿ. ದೊರೆಮನೆ ಮದುವೇಲಿ ನನ್ನ ಹೆಸರು ಬಟ್ಟೆ ಮೇಲೆ ಕಾಣೋದು ಬೇಡ. ಬಾ ಅಕ್ಕ, ನಿನ್ನ ಜಾಗ. ಬೆಚ್ಚಗೆ ಮಾಡಿಟ್ಟಿದ್ದೀನಿ."

ಫುಸಿಪಾಲ ಎದ್ದು ಬಂದು ಕುಳಿತರು. ಎಡಗೈಯಿಂದ ಮೊದಲ ಅಚ್ಚನ್ನು ಹಲಗೆಗೆ ಇಟ್ಟರು. ಮಾತಿಲ್ಲದೆ ಹಲಗೆ ನಡೆಯುವುದು ಹೇಗೆ ಎಂದು ಯಾರೂ ಚರ್ಚಿಸಲಿಲ್ಲ. ಗೆಣ್ಣಿನಿಂದ ಒಮ್ಮೆ ಕುಟ್ಟಿದರೆ ಉಜ್ಜಬೇಕು. ರಾಗ ಗುನುಗಿದರೆ ಅಂಕಣ ಮುಗಿಯಿತು, ಬಟ್ಟೆ ಮುಂದಕ್ಕೆ ಎಳೆಯಬೇಕು. ಒಂಬತ್ತು ದಿನ, ಐವತ್ತು ಅಂಕಣ. ಐದನೆಯದರಲ್ಲಿ, ಹತ್ತನೆಯದರಲ್ಲಿ, ಐವತ್ತನೆಯದರವರೆಗೆ ಪ್ರತಿ ಐದಕ್ಕೊಮ್ಮೆ ದೊರೆಮನೆಯ ಹಕ್ಕಿ ತನ್ನ ಎಳ್ಳುಕಾಳಿನೊಂದಿಗೆ ಬಂದು ಕುಳಿತಿತು. ಜೂನ್ ತಿಂಗಳ ಮದುವೆಯಲ್ಲಿ ಆ ಬಟ್ಟೆ ಅಂಗಳದುದ್ದಕ್ಕೂ ಹರಡಿದಾಗ ಅದರಲ್ಲಿ ತಪ್ಪು ಹುಡುಕಲು ಪಕ್ಕದೂರಿನ ಹೆಂಗಸರು ಎರಡು ಸಲ ನಡೆದು ನೋಡಿ, ಕೊನೆಗೆ ಊಟಕ್ಕೆ ಕುಳಿತರು.

ಚಿಪ್ಪಿನ ಕ್ರಮ ಈಗ 'ಬಾಯಿ ಬೀಗ'ದ ಎಲ್ಲ ಮನೆಗಳಿಗೂ ಹಂತಹಂತವಾಗಿ ಹೋಗುತ್ತಿದೆ. ಆದರೆ ಮೀನಿನ ಬೆನ್ನೆಲುಬನ್ನು ಮಗುಚುವುದೇ ಇಷ್ಟವೆಂದು ಸೆಮಿಸಿ ಹಟ ಹಿಡಿದಿದ್ದಾರೆ. ದೊರೆಮನೆಯ ಹಕ್ಕಿಯ ರಟ್ಟು ಬಿಳಿ ಬಟ್ಟೆಯಲ್ಲಿ, ಚೀಲದ ಮೇಲುಗಡೆ ಉಳಿದಿದೆ.

ಬರುವ ವರ್ಷ ಅಕನೇಸಿಗೆ ಅರವತ್ತು, ನೌಕರಿ ಮುಗಿಯುತ್ತದೆ. ಅವರ ಜಾಗಕ್ಕೆ ಯಾರು ಬರುತ್ತಾರೆಂದು ಇನ್ನೂ ತಿಳಿದಿಲ್ಲ. ಲೂಪೆ ಕತೆ ಹೇಳಿದ ಆ ಗುರುವಾರ ಅಕನೇಸಿಯೂ ಚಪ್ಪರದಲ್ಲಿದ್ದರು, ತುದಿಯಲ್ಲಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು. ನಿನಗೇನಾದರೂ ಬೇಕೆನಿಸಿದೆಯೇ, ಆಸ್ಪತ್ರೆಯವರಿಗೆ ನಾವೇ ಹೇಳುತ್ತೇವೆ ಎಂದು ಹೆಂಗಸರು ಕೇಳಿದಾಗ ಅವರು ಮೊದಲು ಏನೂ ಬೇಡ ಎಂದರು. ಆಮೇಲೆ ನೋಟುಪುಸ್ತಕದ ಮೂಲೆಯನ್ನು ನೇರ ಮಾಡುತ್ತಾ ಹೇಳಿದರು:

"ನನ್ನ ಆಮೇಲೆ ಬರೋಳು ಯಾರೇ ಆಗಲಿ, ಸೊನ್ನೆ ಬಂತು ಅಂತ ಪುಸ್ತಕ ಮುಚ್ಚದೇ ಇರಲಿ. ಸೊನ್ನೆ ಬಂದ ಮನೇಲಿ ಇನ್ನೂ ಸ್ವಲ್ಪ ಹೊತ್ತು ಕೂರಲಿ. ಅಷ್ಟು ಸಾಕು."

"ಕೂರ್ತಾಳೆ ಬಿಡು, ನಾವು ಕೂರಿಸ್ತೀವಿ," ಎಂದರು ಲೂಪೆ. ಕತೆಯ ಬಾಲ ಇನ್ನೂ ಉಳಿದಿತ್ತು, ಅದನ್ನು ಮುಗಿಸಿದರು. "ಅಂತೂ ಜಾಗ ಬಿಟ್ಟೆ. ಬಿಟ್ಟಿದ್ದು ದೊಡ್ಡ ಮನಸ್ಸಿನಿಂದ. ನಾನೇನು ಕುರುಡಿ ಅಲ್ಲ, ಇಪ್ಪತ್ತಕ್ಕೆ ಹದಿನೆಂಟು ತಂದಿದ್ದೆ. ಎರಡೇ ಎರಡು ತಪ್ಪು. ಅಲ್ವಾ ಅಕ್ಕ?"

ಎಲ್ಲರೂ ಹಲಗೆಯ ತಲೆಯ ಕಡೆ ತಿರುಗಿದರು. ಒಂಬತ್ತು ತಿಂಗಳಿಂದ ಯಾರು ಏನು ಕೇಳಿದರೂ ಅಲ್ಲಿಂದ ಬರುತ್ತಿದ್ದ ಉತ್ತರ ಒಂದೇ.

ಫುಸಿಪಾಲ ಲೂಪೆಯನ್ನು ನೋಡಿದರು. ಇಯೋ ಎನ್ನಲಿಲ್ಲ. ಎಡಗೈ ಎತ್ತಿ ಮೂರು ಬೆರಳು ತೋರಿಸಿದರು.

ಅಕನೇಸಿ ಪುಸ್ತಕ ಬಿಚ್ಚಿ, ಪುಟ ಹುಡುಕಿ, ಬೆರಳಿಟ್ಟು ಓದಿದರು. ಹದಿನೇಳು.

"ಇದ್ರೆ ಇರಲಿ," ಎಂದರು ಲೂಪೆ, ನಗು ಇಳಿಯುವವರೆಗೆ ಕಾದು. "ಕತೆ ಹೇಳೋಳು ನಾನು."

ಬಿಸಿಲು ಚಪ್ಪರದಿಂದ ಆಚೆಗೆ ಸರಿದಿತ್ತು. ಹೆಂಗಸರು ಎದ್ದು, ಬಣ್ಣದ ಬಟ್ಟಲುಗಳಿಗೆ ಎಲೆ ಮುಚ್ಚಿ, ಅಚ್ಚುಗಳನ್ನು ಪೆಟ್ಟಿಗೆಗೆ ಇಳಿಸಿದರು. ಇಬ್ಬರು ಅಕನೇಸಿಯ ಎರಡು ಕೈ ಹಿಡಿದು ಎಬ್ಬಿಸಿದರು. ಹೈಲಾಲ ಅಮ್ಮನ ಚಾಪೆ ಸುತ್ತಿದಳು. ಹಂದಿಗಳಿಗೆ ಹಾಕುವ ಹೊತ್ತಾಯಿತೆನ್ನುತ್ತಾ, ಹದಿನೆಂಟೋ ಹದಿನೇಳೋ ಎಂದು ಲೂಪೆಯನ್ನು ದಾರಿಯುದ್ದಕ್ಕೂ ಕೆಣಕುತ್ತಾ ಅವರು ತಮ್ಮ ತಮ್ಮ ಮನೆಗಳಿಗೆ ಹೋದರು.